ಘಾನಾ ಪ್ರಯಾಣ: ಮೊದಲು ಇಂಜೆಕ್ಷನ್, ಆಮೇಲೆ ವೀಸಾ, ಕೊನೆಗೆ ಟಿಕೆಟ್

"ಟಿಕೆಟ್ ಆಗಿದೆ, ಬರೋ ಗುರುವಾರ ಫ್ಲೈಟು. ವೀಸಾಗೆ ಏನೇನು ಕೊಡಬೇಕು, ಸ್ವಲ್ಪ ಹೇಳಿ."

ಘಾನಾಗೆ ಹೊರಟವರ ಫೋನು ಬಂದಾಗೆಲ್ಲ ಮಾತು ಹೀಗೇ ಶುರುವಾಗುತ್ತದೆ. ಒಬ್ಬರು ರಾಜಧಾನಿ ಅಕ್ರಾದಲ್ಲಿರುವ ಮಗಳ ಮನೆಗೆ ಹೊರಟಿರುತ್ತಾರೆ. ಇನ್ನೊಬ್ಬರು ಮಂಗಳೂರಿನ ಕಾರ್ಖಾನೆಗೆ ಕಚ್ಚಾ ಗೋಡಂಬಿ ನೋಡಿಕೊಂಡು ಬರಲು. ಇಬ್ಬರೂ ಎಡವುವುದು ಒಂದೇ ಕಡೆ. ಕೊನೆಗೆ ಮಾಡಬೇಕಾದ ಕೆಲಸವನ್ನು ಮೊದಲು ಮಾಡಿರುತ್ತಾರೆ. ಗುರುವಾರ ಹೋಗೋಕೆ ಯಾಕೆ ಆಗಲ್ಲ ಅನ್ನುವುದು ಎರಡನೇ ಹಂತದಲ್ಲಿ ಗೊತ್ತಾಗುತ್ತದೆ.

ಹೊರಡುವ ದಿನಕ್ಕೆ ಎಂಟು ವಾರ ಮುಂಚೆ ಶುರು ಮಾಡಿ. ಆರು ವಾರದಲ್ಲೂ ಆಗುತ್ತದೆ, ಆದರೆ ನಿದ್ದೆ ಕೆಡುತ್ತದೆ.

ಶುರು ಮಾಡುವ ಮುನ್ನ ಕೈಯಲ್ಲಿರಬೇಕಾದವು

ಹಿಂತಿರುಗುವ ದಿನದಿಂದ ಲೆಕ್ಕ ಹಾಕಿದರೂ ಆರು ತಿಂಗಳು ಬಾಕಿ ಇರುವ ಪಾಸ್‌ಪೋರ್ಟ್, ಅದರಲ್ಲಿ ಎರಡಾದರೂ ಖಾಲಿ ಪುಟ. ಬಿಳಿ ಹಿನ್ನೆಲೆಯ ಹೊಸ ಫೋಟೋಗಳು. ಬ್ಯಾಂಕ್ ಸ್ಟೇಟ್‌ಮೆಂಟ್, ಬ್ಯಾಂಕಿನ ಸೀಲ್ ಸಮೇತ. ಅಂತಾರಾಷ್ಟ್ರೀಯ ಬಳಕೆ ಆನ್ ಮಾಡಿದ ಒಂದು ವೀಸಾ (Visa) ಕಂಪನಿಯ ಎಟಿಎಂ ಕಾರ್ಡ್. ಇನ್ನೊಂದು ಪ್ಲಾಸ್ಟಿಕ್ ಕವರ್. ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಹಂತ 1: ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆ ನೋಡಿ

ಇದು ನಮ್ಮವರದ್ದೇ ವಿಶೇಷ ತೊಂದರೆ. ಆಧಾರ್‌ನಲ್ಲಿ ‘ಎಚ್. ಎಸ್. ರಮೇಶ’, ಪಾಸ್‌ಪೋರ್ಟಿನಲ್ಲಿ ಊರ ಹೆಸರು, ಅಪ್ಪನ ಹೆಸರು ಎಲ್ಲ ಬಿಡಿಸಿ ಉದ್ದಕ್ಕೆ, ಬ್ಯಾಂಕಿನಲ್ಲಿ ಬರೀ ‘ರಮೇಶ ಎಚ್ ಎಸ್’. ಊರಲ್ಲಿ ಯಾರೂ ಕೇಳಲ್ಲ. ವೀಸಾ ಅರ್ಜಿ, ಲಸಿಕೆಯ ಕಾರ್ಡ್, ಟಿಕೆಟ್ ಮೂರರಲ್ಲೂ ಮಾತ್ರ ಪಾಸ್‌ಪೋರ್ಟಿನಲ್ಲಿರುವ ಹಾಗೆ, ಅಕ್ಷರ ತಪ್ಪದೆ ಇರಬೇಕು. ಆಹ್ವಾನ ಪತ್ರ ಬರೆಯುವವರಿಗೂ ಬಾಯಲ್ಲಿ ಹೇಳಬೇಡಿ, ಪಾಸ್‌ಪೋರ್ಟಿನ ಫೋಟೋ ಕಳಿಸಿ.

ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ಈಗಲೇ ಯೋಚಿಸಿ. ದಾರಿಯಲ್ಲಿ ದುಬೈನಲ್ಲಿ ಎರಡು ದಿನ ಇಳಿಯೋಣ ಅನ್ನುವವರು ವಿಶೇಷವಾಗಿ. ಒಂದೇ ಹೆಸರಿನ ಪಾಸ್‌ಪೋರ್ಟಿನವರು ಪ್ರವಾಸಿ ವೀಸಾದಲ್ಲಿ ಬಂದರೆ ಯುಎಇ 2022ರ ನವೆಂಬರ್‌ನಿಂದ ತಕರಾರು ತೆಗೆಯುತ್ತಿದೆ. ಹೆಸರನ್ನು ಎರಡು ಭಾಗ ಮಾಡಿಸಿ ಪಾಸ್‌ಪೋರ್ಟ್ ಮತ್ತೆ ಮಾಡಿಸಲು ಸಮಯವಿದ್ದರೆ ಮಾಡಿಸಿಬಿಡಿ. ಮುಂದಿನ ಎಲ್ಲ ಪ್ರಯಾಣಕ್ಕೂ ನೆಮ್ಮದಿ.

ಹಂತ 2: ಹಳದಿ ಜ್ವರದ ಲಸಿಕೆ

ಎಡವುವವರು ಜಾಸ್ತಿ ಎಡವುವುದು ಇಲ್ಲೇ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒಂಬತ್ತು ತಿಂಗಳ ವಯಸ್ಸು ದಾಟಿದ ಯಾರೇ ಘಾನಾಗೆ ಹೋದರೂ ಹಳದಿ ಜ್ವರದ (ಯೆಲ್ಲೋ ಫೀವರ್) ಲಸಿಕೆ ಹಾಕಿಸಿಕೊಂಡ ಕಾರ್ಡ್ ತೋರಿಸಬೇಕು. ವೀಸಾ ಅರ್ಜಿಯ ಜೊತೆಗೂ ಅದರ ಪ್ರತಿ ಕೇಳುತ್ತಾರೆ. ಹಾಗಾಗಿ ವೀಸಾಗಿಂತ ಮೊದಲು ಇದು.

ಲಸಿಕೆ ಪಕ್ಕದ ಕ್ಲಿನಿಕ್ಕಿನಲ್ಲಿ ಸಿಗಲ್ಲ. ಕೇಂದ್ರ ಆರೋಗ್ಯ ಸಚಿವಾಲಯದ ಪಟ್ಟಿಯಲ್ಲಿರುವ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಕೆಲವು ಕೇಂದ್ರಗಳಲ್ಲಿ ವಾರದ ಕೆಲವೇ ದಿನ. ಒಂದು ಬಾಟಲಿಯಲ್ಲಿ ಹಲವರಿಗಾಗುವಷ್ಟು ಮದ್ದಿರುತ್ತದೆ, ತೆರೆದ ಮೇಲೆ ಇಡೋಕೆ ಬರಲ್ಲ. ಆದ್ದರಿಂದ ಜನರನ್ನು ಒಟ್ಟಿಗೆ ಕರೆಯುತ್ತಾರೆ. ಮೊದಲೇ ಫೋನ್ ಮಾಡಿ, ದಿನ ಗೊತ್ತು ಮಾಡಿಕೊಂಡು, ಮೂಲ ಪಾಸ್‌ಪೋರ್ಟ್ ಹಿಡಿದುಕೊಂಡು ಹೋಗಿ.

ಈಗ ಆ ಗುರುವಾರದ ಲೆಕ್ಕ. ಕಾರ್ಡ್ ಊರ್ಜಿತವಾಗುವುದು ಲಸಿಕೆ ಹಾಕಿಸಿಕೊಂಡ 10 ದಿನದ ನಂತರ. ಜೂನ್ 1ಕ್ಕೆ ಹಾಕಿಸಿಕೊಂಡರೆ ಜೂನ್ 11ರಿಂದ ಲೆಕ್ಕಕ್ಕೆ ಬರುತ್ತದೆ. ಎಷ್ಟು ದುಡ್ಡು ಕೊಟ್ಟರೂ ಈ ಹತ್ತು ದಿನ ಒಂಬತ್ತಾಗಲ್ಲ. ಒಳ್ಳೆಯ ಸುದ್ದಿ ಅಂದರೆ, ಒಮ್ಮೆ ಹಾಕಿಸಿಕೊಂಡರೆ ಆಯುಷ್ಯಕ್ಕೆಲ್ಲ ಸಾಕು. ಹತ್ತು ವರ್ಷಕ್ಕೊಮ್ಮೆ ಹಾಕಿಸಬೇಕಿದ್ದ ನಿಯಮ 2016ರ ಜುಲೈಯಲ್ಲಿ ಹೋಯಿತು. ಹಳೆಯ ಕಾರ್ಡಿನ ಮೇಲೆ ಹತ್ತು ವರ್ಷ ಅಂತಲೇ ಬರೆದಿದ್ದರೂ ಅದು ಈಗಲೂ ನಡೆಯುತ್ತದೆ.

ಕೇಂದ್ರದಿಂದ ಹೊರಗೆ ಕಾಲಿಡುವ ಮೊದಲು ಅಲ್ಲೇ ನಿಂತು ಕಾರ್ಡ್ ಓದಿ. ಹೆಸರು, ಪಾಸ್‌ಪೋರ್ಟ್ ನಂಬರ್, ಹುಟ್ಟಿದ ದಿನ, ಲಸಿಕೆಯ ಬ್ಯಾಚ್ ನಂಬರ್, ವೈದ್ಯರ ಸಹಿ, ಕೇಂದ್ರದ ಸೀಲ್. ನಾನು ಮೊದಲ ಸಲ ಓದಲಿಲ್ಲ. ಪಾಸ್‌ಪೋರ್ಟ್ ನಂಬರಿನಲ್ಲಿ 3 ಇರಬೇಕಾದ ಕಡೆ ಅವಸರದ ಕೈಬರಹದಲ್ಲಿ 8 ಕೂತಿತ್ತು. ಮನೆಗೆ ಬಂದು ಪ್ರತಿ ತೆಗೆಯುವಾಗ ಕಣ್ಣಿಗೆ ಬಿತ್ತು. ಪೆನ್ನಿನಲ್ಲಿ ನಾನೇ ತಿದ್ದಿಬಿಡೋಣ ಅನ್ನಿಸಿತು. ತಿದ್ದಿದ್ದರೆ ಕಾರ್ಡೇ ಅಮಾನ್ಯ. ಮಾರನೇ ದಿನ ಮತ್ತೆ ಸರತಿಯಲ್ಲಿ ನಿಂತು ಸರಿ ಮಾಡಿಸಿಕೊಂಡು ಬಂದೆ. ಆ ಪ್ಲಾಸ್ಟಿಕ್ ಕವರ್ ಈ ಕಾರ್ಡಿಗೇ. ಲ್ಯಾಮಿನೇಷನ್ ಮಾತ್ರ ಬೇಡ.

ಯಾರು ಮೊದಲು ವೈದ್ಯರನ್ನು ಕೇಳಬೇಕು: 60 ದಾಟಿದವರು, ಗರ್ಭಿಣಿಯರು, ಹಾಲುಣಿಸುವವರು, ಮೊಟ್ಟೆಯ ಅಲರ್ಜಿ ಇರುವವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು. ಇದು ಜೀವಂತ ವೈರಸ್ಸಿನ ಲಸಿಕೆ. ಮಗಳ ಬಾಣಂತನಕ್ಕೆ ಹೊರಡುವ ತಾಯಂದಿರಲ್ಲಿ 60 ದಾಟಿದವರೇ ಹೆಚ್ಚು, ಅಲ್ವಾ? ಅವರ ವಿಷಯದಲ್ಲಿ ಟಿಕೆಟ್ ಮಾತು ಎತ್ತುವ ಮೊದಲೇ ಇದನ್ನು ಕೇಳಿ ಮುಗಿಸಿ.

ಅಪಾಯದ ಗುರುತು: "ಇಂಜೆಕ್ಷನ್ ಬೇಡ, ಕಾರ್ಡ್ ಮಾತ್ರ ಮಾಡಿಸಿಕೊಡ್ತೀನಿ" ಅನ್ನುವ ಏಜೆಂಟ್. ಅವರಿಂದ ಬೇರೆ ಯಾವ ಕೆಲಸವನ್ನೂ ಮಾಡಿಸಬೇಡಿ.

ಹಂತ 3: ಆಹ್ವಾನ ಪತ್ರ ತರಿಸಿಕೊಳ್ಳಿ

ಲಸಿಕೆಯ ಹತ್ತು ದಿನ ಓಡುತ್ತಿರುವಾಗ ಈ ಕೆಲಸ. ಘಾನಾದಲ್ಲಿರುವ ನಿಮ್ಮ ಕಡೆಯವರು ಬರೆದು ಸಹಿ ಮಾಡಿದ ಪತ್ರ ಬೇಕು. ನೀವು ಯಾರು, ಯಾಕೆ ಬರುತ್ತೀರಿ, ಎಷ್ಟು ದಿನ, ಎಲ್ಲಿ ಉಳಿಯುತ್ತೀರಿ, ಖರ್ಚು ಯಾರದು. ಕರೆಯುವವರು ಅಲ್ಲಿನ ಪ್ರಜೆಯಾದರೆ ಅವರ ‘ಘಾನಾ ಕಾರ್ಡ್’, ಅಂದರೆ ಅಲ್ಲಿನ ರಾಷ್ಟ್ರೀಯ ಗುರುತಿನ ಚೀಟಿಯ ಪ್ರತಿ. ಅಲ್ಲಿ ಕೆಲಸದಲ್ಲಿರುವ ಭಾರತೀಯರಾದರೆ ಪಾಸ್‌ಪೋರ್ಟ್ ಮತ್ತು ರೆಸಿಡೆನ್ಸ್ ಪರ್ಮಿಟ್ ಪ್ರತಿ. ಅವರ ಪರ್ಮಿಟ್ ಮುಗಿದಿದೆಯೇ ನೋಡಿ. ಮುಗಿದ ಪರ್ಮಿಟ್ ಕಳಿಸಿ ಆಮೇಲೆ ಒದ್ದಾಡುವವರು ಬಹಳ.

ವ್ಯಾಪಾರಕ್ಕಾದರೆ ಕಂಪನಿಯ ಲೆಟರ್‌ಹೆಡ್, ಕಂಪನಿ ನೋಂದಣಿಯ ಪ್ರತಿ. ನಿಮ್ಮ ಕಂಪನಿಯಿಂದಲೂ ಒಂದು ಪತ್ರ. ಸುಮ್ನೆ ನೋಡಿಕೊಂಡು ಬರಲು ಹೋಗುವವರಿಗೆ ಹೋಟೆಲ್ ಬುಕಿಂಗ್.

ಹಂತ 4: ವೀಸಾ ಅರ್ಜಿ

ಭಾರತದಲ್ಲಿರುವವರ ಅರ್ಜಿ ನೋಡುವುದು ದೆಹಲಿಯ ಘಾನಾ ಹೈಕಮಿಷನ್. ಶುಲ್ಕ, ಫಾರ್ಮ್, ಪಾಸ್‌ಪೋರ್ಟ್ ಕಳಿಸುವ ರೀತಿ ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ದಿನವೇ ಅವರ ವೆಬ್‌ಸೈಟ್ ನೋಡಿ. ಕಳೆದ ವರ್ಷ ಹೋಗಿಬಂದ ಭಾವನ ಮಾತು ಕೇಳಿಕೊಂಡು ಹೊರಡಬೇಡಿ.

ಇಲ್ಲಿ ಮೂರು ತಪ್ಪು ಮತ್ತೆ ಮತ್ತೆ ಆಗುತ್ತವೆ.

ಮೊದಲನೆಯದು, ಉದ್ದೇಶ. ಗೋಡಂಬಿ ನೋಡಲು ಸುನ್ಯಾನಿ, ತೆಚಿಮನ್ ಕಡೆಗೆ ಹೋಗುವವರು "ಟೂರಿಸ್ಟ್ ಅಂತ ಹಾಕಿದ್ರೆ ಬೇಗ ಆಗುತ್ತೆ" ಅಂತ ಹಾಗೇ ಬರೆಯುತ್ತಾರೆ. ಜೊತೆಗೆ ಇಟ್ಟ ಪತ್ರ ಕಂಪನಿಯದ್ದು. ಎರಡೂ ತಾಳೆ ಆಗದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಇನ್ನು ನೌಕರಿಗೆ ಹೋಗುವುದಾದರೆ ಪ್ರವಾಸಿ ವೀಸಾದಲ್ಲೂ ಬಿಸಿನೆಸ್ ವೀಸಾದಲ್ಲೂ ಹೋಗಬೇಡಿ. ಅದಕ್ಕೆ ವರ್ಕ್ ಪರ್ಮಿಟ್ ಬೇಕು. "ಹೋದ ಮೇಲೆ ಕನ್ವರ್ಟ್ ಮಾಡಿಸ್ತೀವಿ" ಅನ್ನುವ ಏಜೆಂಟ್ ಕೆಂಪು ದೀಪ.

ಎರಡನೆಯದು, ಅವಧಿ. ವೀಸಾ ಮೇಲೆ ಮೂರು ತಿಂಗಳು ಅಂತ ಇದ್ದರೆ, ಅಷ್ಟರೊಳಗೆ ಒಳಗೆ ಹೋಗಬೇಕು ಅಂತ ಅರ್ಥ. ಮೂರು ತಿಂಗಳು ಅಲ್ಲಿ ಇರಬಹುದು ಅಂತಲ್ಲ. ಲೆಕ್ಕ ಶುರುವಾಗುವುದೂ ವೀಸಾ ಕೊಟ್ಟ ದಿನದಿಂದ. ಆರು ತಿಂಗಳು ಮುಂಚೆಯೇ ತೆಗೆದಿಟ್ಟುಕೊಂಡರೆ ಹೊರಡುವಷ್ಟರಲ್ಲಿ ಮುಗಿದಿರುತ್ತದೆ. ಎಷ್ಟು ದಿನ ಇರಬಹುದು ಅನ್ನುವುದನ್ನು ಅಕ್ರಾದ ಕೌಂಟರಿನಲ್ಲಿ ಸೀಲ್ ಹಾಕುವ ಅಧಿಕಾರಿ ಬರೆಯುತ್ತಾರೆ.

ಮೂರನೆಯದು, ಸಿಂಗಲ್ ಎಂಟ್ರಿ, ಅಂದರೆ ಒಂದೇ ಸಲ ಒಳಗೆ ಹೋಗಲು ಬರುವ ವೀಸಾ. ನಡುವೆ ಪಕ್ಕದ ಟೋಗೊ ನೋಡಿ ಬರುವ ಆಸೆಯಿದ್ದರೆ ಮಲ್ಟಿಪಲ್ ಎಂಟ್ರಿ ಕೇಳಿ. ಇದರ ಬಗ್ಗೆ ಹತ್ತನೇ ಹಂತದಲ್ಲಿ ಇನ್ನೂ ಇದೆ.

"ಇಳಿದ ಮೇಲೆ ವೀಸಾ ಕೊಡ್ತಾರಂತಲ್ಲ?" ಅಂತ ಕೇಳುವವರಿದ್ದಾರೆ. ಕೊಡುತ್ತಾರೆ, ಆದರೆ ಸುಮ್ಮನೆ ಹೋಗಿ ನಿಂತವರಿಗಲ್ಲ. ಕರೆಯುವವರು ಮೊದಲೇ ಘಾನಾ ಇಮಿಗ್ರೇಷನ್ ಸರ್ವಿಸ್‌ಗೆ ಅರ್ಜಿ ಹಾಕಿ ಒಪ್ಪಿಗೆ ಪತ್ರ ತೆಗೆದುಕೊಂಡಿರಬೇಕು. ಆ ಪತ್ರ ಇಲ್ಲದಿದ್ದರೆ ಬೆಂಗಳೂರಿನ ಚೆಕ್-ಇನ್ ಕೌಂಟರಿನಲ್ಲೇ ಬೋರ್ಡಿಂಗ್ ಪಾಸ್ ಕೊಡುವುದಿಲ್ಲ.

ಹಂತ 5: ಈಗ ಟಿಕೆಟ್

ಅರ್ಜಿಗೆ ಬೇಕಾಗುವುದು ಹೋಗಿಬರುವ ಬುಕಿಂಗಿನ ವಿವರ. ಅದಕ್ಕೆ ಹಣ ವಾಪಸ್ ಸಿಗುವ ಅಥವಾ ದಿನ ಬದಲಿಸಬಹುದಾದ ಟಿಕೆಟ್ ಮಾಡಿ. ಅಗ್ಗದ, ವಾಪಸ್ ಇಲ್ಲದ ಟಿಕೆಟ್ ತೆಗೆಯುವುದು ವೀಸಾ ಅಂಟಿಸಿದ ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ.

ಭಾರತದಿಂದ ಅಕ್ರಾಗೆ ನೇರ ವಿಮಾನವಿಲ್ಲ. ಅಡಿಸ್ ಅಬಾಬಾ, ದುಬೈ, ನೈರೋಬಿ ಮುಂತಾದ ಕಡೆ ಬದಲಿಸಬೇಕು. ಎರಡು ಬೇರೆ ಬೇರೆ ಟಿಕೆಟ್ ಜೋಡಿಸಿ ದುಡ್ಡು ಉಳಿಸಲು ಹೋಗಬೇಡಿ. ನಡುವೆ ಬ್ಯಾಗ್ ಬಿಡಿಸಿಕೊಂಡು ಮತ್ತೆ ಹಾಕಬೇಕಾಗಿ ಬಂದರೆ ಆ ದೇಶದ ವೀಸಾ ಬೇಕಾಗಬಹುದು.

ಹಂತ 6: ಔಷಧಿ ಚೀಲ

ಘಾನಾದಲ್ಲಿ ಮಲೇರಿಯಾ ವರ್ಷವಿಡೀ ಇದೆ, ರಾಜಧಾನಿ ಅಕ್ರಾದಲ್ಲೂ ಇದೆ. ಅದೂ ಹೆಚ್ಚಾಗಿ ಫಾಲ್ಸಿಪಾರಮ್, ಪ್ರಾಣ ತೆಗೆಯುವ ಜಾತಿ. ಹಳೆಯ ಕ್ಲೋರೋಕ್ವಿನ್ ಅದಕ್ಕೆ ನಾಟುವುದಿಲ್ಲ. ಮುಂಜಾಗ್ರತೆಗೆ ಸಾಮಾನ್ಯವಾಗಿ ಬರೆದುಕೊಡುವುದು ಡಾಕ್ಸಿಸೈಕ್ಲಿನ್, ಅಟೊವಾಕ್ವೋನ್-ಪ್ರೊಗ್ವಾನಿಲ್ ಅಥವಾ ಮೆಫ್ಲೋಕ್ವಿನ್. ಯಾವುದು ನಿಮಗೆ ಸರಿ ಅಂತ ವೈದ್ಯರು ಹೇಳಲಿ. ನೆನಪಿಡಬೇಕಾದ್ದು, ಮೊದಲೆರಡು ಮಾತ್ರೆಗಳನ್ನು ಹೊರಡುವ ಒಂದೆರಡು ದಿನ ಮುಂಚೆ ಶುರು ಮಾಡಬೇಕು, ಮೆಫ್ಲೋಕ್ವಿನ್ ಎರಡು ವಾರ ಮುಂಚೆ. ಬಂದ ಮೇಲೂ ಡಾಕ್ಸಿಸೈಕ್ಲಿನ್ ನಾಲ್ಕು ವಾರ, ಅಟೊವಾಕ್ವೋನ್-ಪ್ರೊಗ್ವಾನಿಲ್ ಏಳು ದಿನ ಮುಂದುವರಿಸಬೇಕು. ಮನೆಗೆ ಬಂದೆವಲ್ಲ ಅಂತ ನಿಲ್ಲಿಸಿ ಮಲಗಿದವರಿದ್ದಾರೆ.

ಡಿಸೆಂಬರ್‌ನಿಂದ ಒಣ ತಿಂಗಳುಗಳಲ್ಲಿ ಉತ್ತರದ ಕಡೆ ಹೋಗುವವರು ಮೆನಿಂಜೈಟಿಸ್ (ಮಿದುಳು ಪೊರೆಯ ಉರಿಯೂತ) ಲಸಿಕೆಯ ಬಗ್ಗೆಯೂ ಕೇಳಿ.

ನೋವಿನ ಮಾತ್ರೆಯ ವಿಷಯ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಪಶ್ಚಿಮ ಆಫ್ರಿಕಾದಲ್ಲಿ ಟ್ರಮಡಾಲ್ ಥರದ ಮಾತ್ರೆಗಳು ನಶೆಯ ವಸ್ತುವಾಗಿ ಹಬ್ಬಿವೆ, ಅದರಲ್ಲಿ ಭಾರತದಿಂದ ಹೋದ ಮಾಲೂ ಇತ್ತು. 2025ರ ಫೆಬ್ರವರಿಯಲ್ಲಿ ಟಪೆಂಟಡಾಲ್ ಮತ್ತು ಕ್ಯಾರಿಸೊಪ್ರೊಡಾಲ್ ಬೆರೆಸಿದ ಮಾತ್ರೆಗಳ ತಯಾರಿಕೆ, ರಫ್ತಿಗೆ ಕೊಟ್ಟಿದ್ದ ಅನುಮತಿಯನ್ನು ಭಾರತ ಸರ್ಕಾರವೇ ವಾಪಸ್ ಪಡೆಯಿತು. ಹಾಗಾಗಿ ಭಾರತೀಯ ಪಾಸ್‌ಪೋರ್ಟ್, ಬ್ಯಾಗಿನಲ್ಲಿ ಬಿಡಿ ಮಾತ್ರೆಗಳು ಅಂದರೆ ಪ್ರಶ್ನೆ ಬರುವುದು ಸಹಜ. ನಿಮ್ಮ ಔಷಧಿ ಮೂಲ ಪ್ಯಾಕಿನಲ್ಲೇ ಇರಲಿ, ಜೊತೆಗೆ ವೈದ್ಯರ ಚೀಟಿ. "ನಮ್ಮ ಹುಡುಗನಿಗೆ ಈ ಮಾತ್ರೆ ಕೊಟ್ಟುಬಿಡಿ" ಅಂತ ಯಾರೇ ಕೊಟ್ಟರೂ, ಸ್ವಂತ ಅತ್ತಿಗೆ ಕೊಟ್ಟರೂ, ಬಿಚ್ಚಿ ನೋಡದೆ ತೆಗೆದುಕೊಳ್ಳಬೇಡಿ.

ಹಂತ 7: ದುಡ್ಡು

ಅಲ್ಲಿನ ಹಣ ಸೆಡಿ. ಇಲ್ಲಿ ಅದಕ್ಕಾಗಿ ಅಲೆಯಬೇಡಿ, ಡಾಲರ್ ಒಯ್ದು ಅಲ್ಲಿ ಬದಲಿಸಿ. ಒಂದು ಪ್ರಯಾಣಕ್ಕೆ ನೋಟಿನ ರೂಪದಲ್ಲಿ 3,000 ಡಾಲರ್ ತನಕ ಕೊಡುತ್ತಾರೆ, ಮಿಕ್ಕಿದ್ದು ಫಾರೆಕ್ಸ್ ಕಾರ್ಡಿನಲ್ಲಿ. ಹೊಸ, ಗೀರಿಲ್ಲದ, ದೊಡ್ಡ ನೋಟು ಕೇಳಿ ತೆಗೆದುಕೊಳ್ಳಿ. ಹಳೆಯ ಅಥವಾ ಸಣ್ಣ ನೋಟಿಗೆ ಅಲ್ಲಿನ ಅಂಗಡಿಗಳು ಕಡಿಮೆ ದರ ಕೊಡುತ್ತವೆ. ಎಟಿಎಂಗಳಲ್ಲಿ ವೀಸಾ ಕಾರ್ಡ್ ನಡೆಯುವಷ್ಟು ಬೇರೆಯದು ನಡೆಯುವುದಿಲ್ಲ. ಯುಪಿಐ ನೆಚ್ಚಿಕೊಂಡು ಹೋಗಬೇಡಿ.

ಹಂತ 8: ಇಳಿದ ದಿನ

ವಿಮಾನದಿಂದ ಇಳಿಯುತ್ತಲೇ ಹಳದಿ ಕಾರ್ಡ್ ಕೇಳುತ್ತಾರೆ. ಅದು ಕೈಚೀಲದಲ್ಲಿರಲಿ, ಚೆಕ್-ಇನ್ ಬ್ಯಾಗಿನಲ್ಲಿ ಅಲ್ಲ. ನಂತರ ಬೆರಳಚ್ಚು, ಫೋಟೋ. ಉಳಿಯುವ ಮನೆಯ ವಿಳಾಸ, ಕರೆದವರ ಫೋನ್ ನಂಬರ್ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಫೋನಿನಲ್ಲಿದೆ ಅಂದುಕೊಂಡು ಹೋದವರ ಫೋನು ಆಗಲೇ ಆಫ್ ಆಗಿರುತ್ತದೆ.

ಸೀಲ್ ಹಾಕಿಸಿಕೊಂಡು ಕೌಂಟರ್ ಬಿಡುವ ಮೊದಲು ಎಷ್ಟು ದಿನ ಬರೆದಿದ್ದಾರೆ ನೋಡಿ. 60 ದಿನ ಬೇಕಿದ್ದು 30 ಬಿದ್ದಿದ್ದರೆ ಅಲ್ಲೇ ಮರ್ಯಾದೆಯಿಂದ ಕೇಳಿ. ಆಮೇಲೆ ಬೇಕೆಂದರೆ ಇಮಿಗ್ರೇಷನ್ ಕಚೇರಿಗೆ ಹೋಗಿ, ದಿನ ಮುಗಿಯುವ ಮೊದಲೇ ವಿಸ್ತರಣೆಗೆ ಅರ್ಜಿ ಹಾಕಬೇಕು. ಮುಗಿದ ಮೇಲೆ ಹೋದರೆ ದಂಡ.

ಹೊರಗೆ ಬಂದಾಗ "ನಾನು ಸಹಾಯ ಮಾಡ್ತೀನಿ" ಅಂತ ಟ್ರಾಲಿಗೆ ಕೈ ಹಾಕುವವರಿಗೆ ನಗುತ್ತಾ ಬೇಡ ಅನ್ನಿ. ಊಬರ್, ಬೋಲ್ಟ್, ಯಾಂಗೊ ಮೂರೂ ಅಕ್ರಾದಲ್ಲಿ ಓಡುತ್ತವೆ. ಸಿಮ್ ಅನ್ನು ಕಂಪನಿಯ ಅಂಗಡಿಯಲ್ಲೇ, ಪಾಸ್‌ಪೋರ್ಟ್ ಕೊಟ್ಟು ನಿಮ್ಮ ಹೆಸರಿನಲ್ಲೇ ಮಾಡಿಸಿ. ನಮ್ಮ ಎರಡು ಸುತ್ತು ಪಿನ್ನಿನ ಚಾರ್ಜರ್ ಕೆಲವು ಸಾಕೆಟ್ಟಿಗೆ ಕೂರುತ್ತದೆ, ಮೂರು ಚೌಕ ಪಿನ್ನಿನವೂ ಇವೆ. ಒಂದು ಅಡಾಪ್ಟರ್ ಇರಲಿ.

ಹಂತ 9: ಊರೊಳಗೆ ಓಡಾಟ, ಊಟ

ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡಿ. ಅಲ್ಲಿ ಗಾಡಿಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ. ಇದನ್ನು ಓದುವಾಗ ಸಲೀಸು, ಕಾಲಿಗೆ ಮಾತ್ರ ಒಂದು ವಾರ ಹಿಡಿಯುತ್ತದೆ.

ಅಗ್ಗದ ಸವಾರಿ ಟ್ರೋಟ್ರೋ, ಅಂದರೆ ಹಂಚಿಕೊಂಡು ಹೋಗುವ ಮಿನಿ ವ್ಯಾನ್. ಕಂಡಕ್ಟರನಿಗೆ ‘ಮೇಟ್’ ಅನ್ನುತ್ತಾರೆ. ನಮ್ಮಲ್ಲಿ "ಮಜೆಸ್ಟಿಕ್ ಮಜೆಸ್ಟಿಕ್" ಅಂತ ಕೂಗುವ ಹಾಗೆ ಅವನು ಬಾಗಿಲಿಗೆ ಜೋತುಬಿದ್ದು "ಸರ್ಕ್ ಸರ್ಕ್ ಸರ್ಕ್" ಅನ್ನುತ್ತಿರುತ್ತಾನೆ. ಕ್ವಾಮೆ ಎನ್‌ಕ್ರುಮಾ ಸರ್ಕಲ್‌ಗೆ ಹೋಗುವ ಗಾಡಿ ಅದು. ಅಲ್ಲಿಗೆ ಹೋಗಬೇಕಾದವರು ಬೆರಳು ಕೆಳಗೆ ಮಾಡಿ ಗಾಳಿಯಲ್ಲಿ ಸುತ್ತು ಬರೆದು ತೋರಿಸಿದರೆ ವ್ಯಾನ್ ನಿಲ್ಲುತ್ತದೆ. ಚಿಲ್ಲರೆ ಇಟ್ಟುಕೊಳ್ಳಿ. ರಾತ್ರಿ ಹೊತ್ತು ದೂರದ ರಸ್ತೆ ಪ್ರಯಾಣ ಬೇಡ, ಅಪಘಾತ ಜಾಸ್ತಿ. ಅಕ್ರಾದಿಂದ ಕುಮಾಸಿ ಸುಮಾರು 250 ಕಿ.ಮೀ., ಹಗಲಿನಲ್ಲೇ ಮುಗಿಸಿ.

ಎಡಗೈಯಿಂದ ದುಡ್ಡು ಕೊಡುವುದು, ತಗೊಳ್ಳುವುದು ಅಲ್ಲೂ ಅಮರ್ಯಾದೆ. ಇದು ನಮ್ಮ ಅಜ್ಜಿಯಂದಿರು ಹೇಳಿಕೊಟ್ಟದ್ದೇ. ಏನಾದರೂ ಕೇಳುವ ಮೊದಲು ನಮಸ್ಕಾರ ಹೇಳಿ, ಹೇಳದೆ ಬೆಲೆ ಕೇಳಿದರೆ ಮುಖ ಗಂಟಿಕ್ಕುತ್ತಾರೆ. ‘ಮೆದಾಸೆ’ ಅಂದರೆ ಧನ್ಯವಾದ. ಸೈನಿಕರ ಬಟ್ಟೆಯಂಥ ಹಸಿರು ಚುಕ್ಕೆಯ ಪ್ಯಾಂಟು, ಟೋಪಿ ಒಯ್ಯಬೇಡಿ, ಅಲ್ಲಿ ಸಾಮಾನ್ಯರು ತೊಡುವುದು ಕಾನೂನುಬಾಹಿರ. ಸೈನ್ಯದ ಕಟ್ಟಡ, ವಿಮಾನ ನಿಲ್ದಾಣದ ಫೋಟೋ ಬೇಡ. ಸಮುದ್ರದಲ್ಲಿ ಸೆಳೆತ ಜೋರು, ಮೊಣಕಾಲಿಗಿಂತ ಆಳಕ್ಕೆ ಇಳಿಯಬೇಡಿ.

ಸಸ್ಯಾಹಾರಿಗಳಿಗೆ ಒಂದು ಮಾತು. ‘ಮಾಂಸ ಬೇಡ’ ಅಂದರೆ ಸಾಲದು, ಏಕೆಂದರೆ ಮೀನನ್ನು ಬಹಳ ಮಂದಿ ಮಾಂಸದ ಲೆಕ್ಕಕ್ಕೆ ಸೇರಿಸುವುದಿಲ್ಲ. ವಾಚೆ ಅಂದರೆ ಅನ್ನ ಮತ್ತು ಅಲಸಂದೆ ಒಟ್ಟಿಗೆ ಬೇಯಿಸಿದ್ದು, ನೋಡಿದರೆ ನಮ್ಮದೇ ಊಟ. ಅದರ ಮೇಲೆ ಒಂದು ಚಮಚ ಕಪ್ಪು ಚಟ್ನಿ ಬೀಳುತ್ತದೆ. ಅದು ಶಿಟೊ, ಒಣ ಮೀನು, ಸಿಗಡಿ ಹಾಕಿ ಮಾಡಿದ್ದು. "ಮೀನು ಬೇಡ, ಶಿಟೊ ಬೇಡ" ಅಂತ ಬಿಡಿಸಿ ಹೇಳಿ. ಶುಂಠಿ, ಮೆಣಸಿನಕಾಯಿ ಹಚ್ಚಿ ಕರಿದ ಮಾಗಿದ ಬಾಳೆಯ ಕೆಲೆವೆಲೆ, ಕೆಂಡದಲ್ಲಿ ಸುಟ್ಟ ಬಾಳೆಕಾಯಿ ಜೊತೆಗೆ ಕಡಲೆಕಾಯಿ, ಇವು ಹೆಚ್ಚು ನಂಬಬಹುದಾದವು. ಮೀನು ಮಾಂಸ ತಿನ್ನುವವರಿಗೆ ಕಷ್ಟವೇ ಇಲ್ಲ. ಮುದ್ದೆ ನುಂಗಿ ಗೊತ್ತಿದ್ದವರಿಗೆ ಫುಫು ತಿನ್ನುವುದನ್ನು ಯಾರೂ ಕಲಿಸಬೇಕಾಗಿಲ್ಲ. ಬಲಗೈಯಲ್ಲಿ ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುವುದು.

ಚಿನ್ನ ಅಗ್ಗಕ್ಕೆ ಕೊಡಿಸುತ್ತೇವೆ ಅನ್ನುವವರು ಹೋಟೆಲ್ ಲಾಬಿಯಲ್ಲೂ ವಾಟ್ಸಾಪಿನಲ್ಲೂ ಸಿಗುತ್ತಾರೆ. ಗಟ್ಟಿ ತೋರಿಸುತ್ತಾರೆ, ಪರೀಕ್ಷೆಯನ್ನೂ ಮಾಡಿಸುತ್ತಾರೆ, ಆಮೇಲೆ ತೆರಿಗೆ, ಸಾಗಣೆ ಅಂತ ಮುಂಗಡ ಕೇಳುತ್ತಲೇ ಹೋಗುತ್ತಾರೆ. ಆ ಮಾತು ಬಂದ ಕ್ಷಣ ಎದ್ದು ಹೊರಡಿ. ತುರ್ತಿಗೆ 112, ಪೊಲೀಸರಿಗೆ 191, ಆಂಬ್ಯುಲೆನ್ಸ್‌ಗೆ 193.

ಹಂತ 10: ಗಡಿ ದಾಟುವ ಆಸೆ

ಅಫ್ಲಾವೊ ಗಡಿಯಾಚೆ ಟೋಗೊದ ರಾಜಧಾನಿ ಲೋಮೆ ಕಣ್ಣಿಗೇ ಕಾಣುತ್ತದೆ. ಘಾನಾದವರು ಗುರುತಿನ ಚೀಟಿ ತೋರಿಸಿ ಓಡಾಡುತ್ತಾರೆ, ಅವರಿಗೆ ಪಶ್ಚಿಮ ಆಫ್ರಿಕಾ ದೇಶಗಳ ಕೂಟವಾದ ಎಕೊವಾಸ್ ಒಪ್ಪಂದದ ಸೌಲಭ್ಯವಿದೆ. ನಮಗಿಲ್ಲ. ಯುರೋಪಿನ ಶೆಂಗೆನ್ ಥರ ಒಂದೇ ವೀಸಾ ಇಲ್ಲಿ ನಡೆಯುವುದಿಲ್ಲ. ಟೋಗೊ, ಬೆನಿನ್, ಐವರಿ ಕೋಸ್ಟ್ ಪ್ರತಿಯೊಂದಕ್ಕೂ ಬೇರೆ ವೀಸಾ. ಸಿಂಗಲ್ ಎಂಟ್ರಿಯಲ್ಲಿ ಬಂದವರು ಆಚೆ ಕಾಲಿಟ್ಟರೆ ಘಾನಾ ವೀಸಾ ಅಲ್ಲಿಗೆ ಮುಗಿಯಿತು. ಉತ್ತರದ ಬುರ್ಕಿನಾ ಫಾಸೊ ಗಡಿಯ ಕಡೆ ಹೋಗುವ ಯೋಚನೆಯೇ ಬೇಡ. ಅಲ್ಲಿನ ಬಾವ್ಕು ಪಟ್ಟಣದ ಸುತ್ತಮುತ್ತ ಗಲಾಟೆ, ಕರ್ಫ್ಯೂ ಆಗುತ್ತಿರುತ್ತವೆ.

ಹಂತ 11: ಬರುವ ದಾರಿ, ಬಂದ ಮೇಲೆ

ಭಾರತದಲ್ಲಿ ಇಳಿಯುವಾಗ ಮತ್ತೆ ಅದೇ ಹಳದಿ ಕಾರ್ಡ್. ಅದಿಲ್ಲದೆ ಬಂದರೆ ಆರು ದಿನದ ತನಕ ಪ್ರತ್ಯೇಕವಾಗಿ ಇರಿಸಬಹುದು. ಹೋಗುವಾಗ ತೋರಿಸಿದೆವಲ್ಲ ಅಂತ ದೊಡ್ಡ ಸೂಟ್‌ಕೇಸಿನ ತಳಕ್ಕೆ ಹಾಕಬೇಡಿ.

ಮುಂದಿನ ಎರಡು ಮೂರು ತಿಂಗಳಲ್ಲಿ ಯಾವಾಗ ಜ್ವರ ಬಂದರೂ, ಮಾತ್ರೆ ಸರಿಯಾಗಿ ತೆಗೆದುಕೊಂಡಿದ್ದರೂ, ಅವತ್ತೇ ವೈದ್ಯರ ಹತ್ತಿರ ಹೋಗಿ. ಒಳಗೆ ಹೋದ ಕೂಡಲೇ ಮೊದಲ ಮಾತು "ನಾನು ಪಶ್ಚಿಮ ಆಫ್ರಿಕಾದಿಂದ ಬಂದಿದ್ದೇನೆ" ಅಂತ ಇರಲಿ. ಮಳೆಗಾಲವಾದರೆ ಡೆಂಗ್ಯೂ ಟೆಸ್ಟ್ ಬರೆದು ಕಳಿಸುವ ಸಂಭವ ಜಾಸ್ತಿ. ಮಲೇರಿಯಾಗೂ ರಕ್ತ ನೋಡಿ ಅಂತ ಕೇಳಿ. ಮೊದಲ ಸಲ ಏನೂ ಕಾಣದೆ ಜ್ವರ ಬಿಡದಿದ್ದರೆ ಮತ್ತೆ ಮಾಡಿಸಿ.